ಹೊಳೆಗೆ ಬಾರದ ಹಡಗು: ಗಳಗನಾಥದ ಹತ್ತಿ, ಕುಮಟೆಯ ಬಂದರು



ಕ್ರಿಸ್ಮಸ್ ಹಬ್ಬದ ಗಡಿಬಿಡಿಯೆಲ್ಲ ಮುಗಿದ ಮೇಲೆ ಧರ್ಮೋಪದೇಶ ತರಗತಿಯ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಗಳಗನಾಥಕ್ಕೆ ಕರೆದುಕೊಂಡು ಹೋಗಿದ್ದೆ. ವರದಾ ನದಿ ತುಂಗಭದ್ರೆಯನ್ನು ಕೂಡುವ ಜಾಗವದು. ಹೊಳೆಯ ದಂಡೆಯಲ್ಲೇ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಸ್ಥಾನವಿದೆ. ಗರ್ಭಗುಡಿಯ ಬುಡಕ್ಕೆ ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಲ್ಲಿನ ಇಳಿಜಾರು ಆಸರೆಯಾಗಿ ನಿಂತಿದೆ. ಮಕ್ಕಳು ಅದನ್ನು ನೋಡಿ, ಬುತ್ತಿ ಬಿಚ್ಚಿ ಉಂಡು, ಸಂಗಮದ ಕಡೆ ಮುಖ ಮಾಡಿ ಕುಳಿತಿದ್ದರು. ಆಗ ಆರನೇ ತರಗತಿಯ ಹುಡುಗನೊಬ್ಬ ಕೇಳಿದ: “ಫಾದರ್, ಹೊಳಿ ಇಷ್ಟ ದೊಡ್ಡದೈತಿ. ಇಲ್ಲಿಗೆ ಹಡಗ ಯಾಕ ಬರಂಗಿಲ್ರಿ?”

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರು ನಗಲಿಲ್ಲ. “ನಗಬ್ಯಾಡ್ರಿ ಸ್ವಾಮಿ. ಹಡಗ ಇಲ್ಲಿಗೆ ಬರಲಿಲ್ಲ ಖರೆ. ಆದ್ರ ನಮ್ಮ ಅರಳಿ ಹಡಗಿನ ತನಕ ಹೋಗತಿತ್ತು. ನಮ್ಮ ಮುತ್ತ್ಯಾನ ಕಾಲದ ಮಂದಿ ಚಕ್ಕಡಿ ಹೂಡಿಕೊಂಡು ಕುಮಟಾಕ್ಕ ಹೋಗತಿದ್ರಂತ,” ಎಂದರು.

ಆ ಒಂದು ಮಾತು ನನ್ನ ಜೊತೆ ಮನೆಗೆ ಬಂತು. ಹುಡುಗನ ಪ್ರಶ್ನೆಗೆ ಅಂದು ಸರಿಯಾದ ಉತ್ತರ ಕೊಡಲಿಲ್ಲ. ಈ ಲೇಖನವನ್ನು ಅದೇ ಉತ್ತರವೆಂದು ಓದಿಕೊಳ್ಳಬೇಕು.

ಒಂದೇ ಬೆಟ್ಟ, ಎರಡು ಕಡಲು

ಗಳಗನಾಥಕ್ಕೆ ಹಡಗು ಬಾರದಿರಲು ಕಾರಣ ಹೊಳೆಯ ಅಗಲವಲ್ಲ, ಅದು ಹರಿಯುವ ದಿಕ್ಕು ಮತ್ತು ಅದರ ತಳ. ವರದಾ ನದಿ ಹುಟ್ಟುವುದು ಸಾಗರ ತಾಲೂಕಿನ ಇಕ್ಕೇರಿಯ ಸಮೀಪ, ವರದಾಮೂಲದಲ್ಲಿ. ಅರಬ್ಬೀ ಸಮುದ್ರ ಅಲ್ಲಿಂದ ದೂರವೇನಿಲ್ಲ. ಆದರೆ ವರದೆ ಕಡಲಿಗೆ ಬೆನ್ನು ಮಾಡಿ ಬನವಾಸಿಯನ್ನು ಸುತ್ತಿ ನಮ್ಮ ಹಾವೇರಿ ಸೀಮೆಗೆ ಬರುತ್ತದೆ, ತುಂಗಭದ್ರೆಯಲ್ಲಿ ಸೇರುತ್ತದೆ, ಮುಂದೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ಬೆಟ್ಟಗಳ ಇನ್ನೊಂದು ಮಗ್ಗುಲಲ್ಲಿ ಬಿದ್ದ ಮಳೆ ಶರಾವತಿ, ಅಘನಾಶಿನಿಗಳಾಗಿ ಪಶ್ಚಿಮಕ್ಕೆ ಧುಮುಕಿ ಹೊನ್ನಾವರದಲ್ಲಿ, ತದಡಿಯಲ್ಲಿ ಕಡಲು ಸೇರುತ್ತದೆ.

ತುಂಗಭದ್ರೆಯ ತಳವೋ ಬಂಡೆಗಲ್ಲು. ಮಳೆಗಾಲದಲ್ಲಿ ಹುಚ್ಚು ಪ್ರವಾಹ, ಬೇಸಿಗೆಯಲ್ಲಿ ಮರಳು. ಇಲ್ಲಿ ನಡೆದದ್ದು ಹರಿಗೋಲು ಮಾತ್ರ. ಬಿದಿರಿನ ದಬ್ಬೆ ಹೆಣೆದು, ಹೊರಗೆ ತೊಗಲು ಹೊದಿಸಿದ ದುಂಡನೆಯ ಬುಟ್ಟಿಯದು. ಜನರನ್ನು, ಕಾಳಿನ ಚೀಲವನ್ನು, ಕುರಿಮರಿಯನ್ನು ಆಚೆ ದಡಕ್ಕೆ ದಾಟಿಸುತ್ತಿತ್ತು. ಹನ್ನೆರಡನೇ ಶತಮಾನದ ಶರಣ ಅಂಬಿಗರ ಚೌಡಯ್ಯನವರ ಕಾಯಕವೂ ಇದೇ. ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರ ಇಂದಿಗೂ ಅವರ ಹೆಸರು ಹೊತ್ತುಕೊಂಡು ಇದೇ ತುಂಗಭದ್ರೆಯ ದಂಡೆಯಲ್ಲಿದೆ. ಅಂಬಿಗನನ್ನು ಗೌರವದಿಂದ ನೆನೆಯುವ ನಾಡು ನಮ್ಮದು. ಆದರೆ ಅಡ್ಡ ದಾಟುವ ಅಂಬಿಗನಿಂದ ಉದ್ದ ಸಾಗುವ ವ್ಯಾಪಾರ ನಡೆಯುವುದಿಲ್ಲ. ಆದ್ದರಿಂದ ನಮ್ಮ ಹಿರಿಯರು ಹೊಳೆಯನ್ನು ಬಿಟ್ಟು ಘಟ್ಟದ ದಾರಿ ಹಿಡಿದರು.

ನದಿಯೊಳಗಿನ ಬಂದರುಗಳು

ಘಟ್ಟದ ಕೆಳಗಿನ ಕಡಲತೀರದಲ್ಲಿ ಹಳೆಯ ಬಂದರುಗಳೆಲ್ಲ ಇದ್ದದ್ದು ನದಿಯ ಅಳಿವೆಯಲ್ಲಿ. ತೆರೆದ ಕಡಲಿನ ಅಲೆಗೆ ಅಂಜಿದ ಮರದ ಹಡಗು ಅಳಿವೆಯನ್ನು ಹೊಕ್ಕರೆ ತಾಯಿಯ ಮಡಿಲಿಗೆ ಬಂದಂತೆ. ಭರತದ ನೀರಿನ ಜೊತೆ ಒಳಗೆ ಬರುವುದು, ಇಳಿತದ ಜೊತೆ ಹೊರಗೆ ಹೋಗುವುದು. ಸಣ್ಣ ದೋಣಿಗಳು ಇನ್ನೂ ಮೇಲೆ, ಘಟ್ಟದ ಬುಡದವರೆಗೂ ಹೋಗುತ್ತಿದ್ದವು.

ಶರಾವತಿಯ ಬಾಯಲ್ಲಿ ಹೊನ್ನಾವರವಿದೆ. ಹದಿನಾಲ್ಕನೇ ಶತಮಾನದಲ್ಲಿ ಬಂದ ಅರಬ್ ಪ್ರವಾಸಿ ಇಬ್ನ್ ಬತೂತ ಈ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಬರೆದಿಟ್ಟಿದ್ದಾನೆ. ಅಲ್ಲಿಂದ ದೋಣಿಯಲ್ಲಿ ಮೇಲೆ ಹೋದರೆ ಗೇರುಸೊಪ್ಪೆ. 1552ರಿಂದ 1606ರವರೆಗೆ ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸೆಲ್ಲ ಅವಳ ಕೈಯಿಂದ ಹಡಗು ಹತ್ತುತ್ತಿತ್ತು. ಅವಳ ರಾಜ್ಯ ಕೆಳದಿಯ ವೆಂಕಟಪ್ಪ ನಾಯಕನ ವಶವಾಯಿತು. 1623ರಲ್ಲಿ ರೋಮ್ ನಗರದ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಇದೇ ನದಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದನು. ರಾಣಿ ಹೋಗಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಆಗಲೇ ಊರು ಹಾಳುಬಿದ್ದು ಗಿಡಮರ ಬೆಳೆದಿತ್ತು ಎಂಬುದು ಅವನ ಬರಹದಿಂದ ತಿಳಿಯುತ್ತದೆ. ಇಂದು ಅಲ್ಲಿ ಕಾಡಿನ ನಡುವೆ ಉಳಿದಿರುವುದು ನಾಲ್ಕು ದಿಕ್ಕಿಗೂ ಬಾಗಿಲಿರುವ ಜೈನರ ಚತುರ್ಮುಖ ಬಸದಿ.

ಅಘನಾಶಿನಿಯ ದಂಡೆಯಲ್ಲಿ ಮಿರ್ಜಾನ ಇತ್ತು. ಕೆಂಪು ಜಂಬಿಟ್ಟಿಗೆಯ ಅದರ ಕೋಟೆ, ಅಗಳು, ಬಾವಿಗಳು ಈಗಲೂ ಇವೆ. 2000-01ರಲ್ಲಿ ನಡೆದ ಉತ್ಖನನದಲ್ಲಿ ಪೋರ್ಚುಗೀಸರ ಕಾಲದ ಚಿನ್ನದ ನಾಣ್ಯ, ಚೀನಾದ ಪಿಂಗಾಣಿ ಚೂರು, ಗುಂಡುಗಳು ಸಿಕ್ಕವು. ಚೀನಾದ ಬಟ್ಟಲು ಕುಮಟಾ ತಾಲೂಕಿನ ಮಣ್ಣಿನಲ್ಲಿ ಹೂತುಹೋಗಬೇಕಾದರೆ ಅದು ಎಷ್ಟು ಕಡಲು ದಾಟಿ ಬಂದಿರಬೇಕು!

ಕುಮಟೆಯಲ್ಲಿ ಬೆಳೆಯದ ‘ಕುಮಟಾ ಹತ್ತಿ’

ಮೆಣಸಿನ ಕಾಲ ಕಳೆದ ಮೇಲೆ ಹತ್ತಿಯ ಕಾಲ ಬಂತು. ನಮ್ಮ ಕಥೆ ನಿಜವಾಗಿ ಶುರುವಾಗುವುದು ಇಲ್ಲಿಂದ.

ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರಿನ ಹತ್ತಿ ಮಾರಾಟವಾಗುತ್ತಿತ್ತು. ಕುಮಟಾ ತೆಂಗು, ಭತ್ತದ ನಾಡು. ಅಲ್ಲಿ ಹತ್ತಿ ಬೆಳೆಯುವುದಿಲ್ಲ. ಆ ಹತ್ತಿ ಬೆಳೆದದ್ದು ಆಗಿನ ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ. ನಮ್ಮ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳೂ ಆಗ ಅದೇ ಜಿಲ್ಲೆಯಲ್ಲಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಬೆಳೆದವರ ಊರಿನ ಹೆಸರು ಬಿಟ್ಟುಹೋಗಿ, ಹಡಗು ಹತ್ತಿದ ಊರಿನ ಹೆಸರು ಅಂಟಿಕೊಂಡಿತು. ಮುಂದೆ ಕೃಷಿ ವಿಜ್ಞಾನಿಗಳೂ ಈ ನಾಡಹತ್ತಿಯ ತಳಿಗೆ ಕುಮಟಾ ಎಂದೇ ಹೆಸರು ಬಳಸಿದರು.

ಹತ್ತಿ ಹೊಲದಿಂದ ಹಡಗಿಗೆ ಹೋಗುವ ಮೊದಲು ಎಷ್ಟು ಕೈ ದಾಟುತ್ತಿತ್ತು, ನೋಡಿ. ಬಿಡಿಸಿದ ಹತ್ತಿಯನ್ನು ಮನೆಯ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹರಡಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಬೀಜ ಬೇರೆ ಮಾಡುತ್ತಿದ್ದರು. ಇಡೀ ದಿನ ಸೊಂಟ ಬಾಗಿಸಿ ಕೂತರೆ ಸಿಗುತ್ತಿದ್ದುದು ಕೆಲವೇ ಸೇರು ಅರಳೆ. ಆಮೇಲೆ ಅದನ್ನು ಅಂಡಿಗೆಗಳಲ್ಲಿ ತುಂಬಿ ಎತ್ತಿನ ಬೆನ್ನಿಗೆ ಹೇರಬೇಕು. ಗಾಡಿದಾರಿ ಆಗುವ ಮೊದಲು ಘಟ್ಟ ಇಳಿಯುತ್ತಿದ್ದುದು ಹೇರೆತ್ತಿನ ಸಾಲುಗಳು. ಅವುಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರಲ್ಲಿ ಲಂಬಾಣಿಗರು ಮುಖ್ಯರು. ಚಕ್ಕಡಿ ರಸ್ತೆ ಆದ ಮೇಲೆ ಶಿರಸಿಯ ಮೇಲಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಗಾಡಿಗಳ ಸಾಲು ಹೊರಟಿತು. ಹಾವೇರಿಯಿಂದ ಕುಮಟೆಗೆ ಸುಮಾರು 140 ಕಿಲೋಮೀಟರ್. ಈಗ ಬಸ್ಸಿನಲ್ಲಿ ಅರ್ಧ ದಿನದ ಹಾದಿ, ಆಗ ಎತ್ತಿನ ನಡಿಗೆಯಲ್ಲಿ ವಾರದ ಹಾದಿ.

ಇಷ್ಟೆಲ್ಲ ಅವಸರದಲ್ಲೇ ಆಗಬೇಕಿತ್ತು. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಕಡಲು ಮುಚ್ಚುತ್ತದೆ. ಹಡಗುಗಳನ್ನು ದಡಕ್ಕೆಳೆದು ತೆಂಗಿನ ಗರಿ ಹೊದಿಸಿ ಮಲಗಿಸುತ್ತಾರೆ. ಶ್ರಾವಣದ ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ನೀರಿಗಿಳಿಯುವುದು. ಹತ್ತಿ ನಮ್ಮ ಹೊಲದಲ್ಲಿ ಒಡೆಯುವುದು ಬೇಸಿಗೆಗೆ. ಆದ್ದರಿಂದ ಬಿಡಿಸಿ, ಬೀಜ ತೆಗೆದು, ಘಟ್ಟ ಇಳಿಸಿ, ಹಡಗು ಹತ್ತಿಸಲು ಸಿಗುತ್ತಿದ್ದ ದಿನಗಳು ಬಹಳ ಕಡಿಮೆ. ಮಳೆಗೆ ಸಿಕ್ಕಿಬಿದ್ದ ಅಂಡಿಗೆ ಕೊಳೆಯಿತು ಎಂದರೆ ವರ್ಷದ ದುಡಿಮೆ ಹೋಯಿತು.

ಪತ್ತೆಮಾರಿ ಮತ್ತು ಅದರ ಮಂದಿ

ಕುಮಟೆಯಲ್ಲಿ ಕಾಯುತ್ತಿದ್ದ ಹಡಗು ಎಂಥದು? ಪಠ್ಯಪುಸ್ತಕದ ಚಿತ್ರದಲ್ಲಿರುವ ದೊಡ್ಡ ಆವಿಹಡಗಲ್ಲ. ಅದರ ಹೆಸರು ಪತ್ತೆಮಾರಿ. ಸಾಗುವಾನಿಯ ಹಲಗೆ, ನೀರನ್ನು ಸೀಳುವಂತೆ ಮುಂದಕ್ಕೆ ಚಾಚಿದ ಮೂತಿ, ಮುಂದಕ್ಕೆ ವಾಲಿದ ಕಂಬ, ಓರೆಯಾಗಿ ಕಟ್ಟಿದ ಎರಡು ದೊಡ್ಡ ಹಾಯಿ. ಹೊಟ್ಟೆಯಲ್ಲಿ ಹತ್ತಾರು ಟನ್ ಸರಕು. ಅದಕ್ಕಿಂತ ಚಿಕ್ಕದು ಮಚ್ವೆ. ದಕ್ಷಿಣ ಕನ್ನಡದ ಕಡೆ ಹೋದರೆ ಮಂಜಿ. ಕುಮಟೆಯ ತೀರದಲ್ಲಿ ಆಳ ಕಡಿಮೆ. ದೊಡ್ಡ ಪತ್ತೆಮಾರಿಗಳು ಹೊರಗೆ ಲಂಗರು ಹಾಕಿ ನಿಲ್ಲುತ್ತಿದ್ದವು. ಹತ್ತಿಯ ಅಂಡಿಗೆಗಳನ್ನು ಸಣ್ಣ ದೋಣಿಗಳಲ್ಲಿ ಒಯ್ದು ಏರಿಸಬೇಕಿತ್ತು. ಅಲ್ಲಿಂದ ಗಾಳಿ ನೋಡಿಕೊಂಡು, ದಡ ಕಣ್ಣಿಗೆ ತಪ್ಪದಂತೆ ಮುಂಬಯಿಗೆ. ಮುಂಬಯಿಯಿಂದ ವಿಲಾಯತಿಗೆ.

ಹಡಗಿನ ಯಜಮಾನಿಕೆ ತಾಂಡೇಲನದು. ಅವನ ಕೈಕೆಳಗೆ ಖಲಾಸಿಗಳು. ಖಾರ್ವಿಗಳು, ಭಂಡಾರಿಗಳು, ಮುಸಲ್ಮಾನರು, ನಮ್ಮ ಕೊಂಕಣಿ ಕ್ರೈಸ್ತರು ಎಲ್ಲರೂ ಈ ಕಸುಬಿನಲ್ಲಿದ್ದರು. ತಾಂಡೇಲ ಎಂಬುದು ಈಗ ಕಾರವಾರದ ಕಡೆ ಮನೆತನದ ಅಡ್ಡಹೆಸರಾಗಿ ಉಳಿದಿದೆ. ಹಡಗು ಹೋಗಿದೆ, ಹೆಸರು ಉಳಿದಿದೆ.

ಈ ದಾರಿ ನಮ್ಮ ಧರ್ಮಸಭೆಗೂ ಹೊಸದಲ್ಲ. 1681ರಿಂದ 1684ರವರೆಗೆ ಕೆನರಾ ಪ್ರಾಂತ್ಯದಲ್ಲಿ ಸೇವೆ ಮಾಡಿದ ಗೋವೆಯ ಗುರು ಜೋಸೆಫ್ ವಾಜ್ ಓಡಾಡಿದ್ದು ಇದೇ ಅಳಿವೆಗಳ ನಾಡಿನಲ್ಲಿ. ಚದುರಿಹೋಗಿದ್ದ ಭಕ್ತರನ್ನು ಹುಡುಕಿಕೊಂಡು ಹೋದ ಅವರು ಆಮೇಲೆ ಸಿಲೋನಿಗೆ ತೆರಳಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ಮನೆತನಗಳು ಇವೆ. ಅವರ ಹಿರಿಯರಿಗೂ ನಮ್ಮ ಹತ್ತಿಗೂ ಒಂದೇ ದಾರಿ: ಅದು ಇಳಿಯಿತು, ಅವರು ಹತ್ತಿದರು.

ಗಾಡಿ ಬರಿದಾಗಿ ಬರಲಿಲ್ಲ

ಹತ್ತಿ ಇಳಿಸಿದ ಚಕ್ಕಡಿ ಖಾಲಿ ವಾಪಸಾಗುತ್ತಿರಲಿಲ್ಲ. ತೆಂಗಿನಕಾಯಿ, ಅಡಿಕೆ, ಒಣಮೀನು, ಎಲ್ಲಕ್ಕಿಂತ ಹೆಚ್ಚಾಗಿ ಉಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಅಘನಾಶಿನಿಯ ಹಿನ್ನೀರನ್ನು ಕಟ್ಟಿ ಬಿಸಿಲಿಗೆ ಆರಿಸಿ ಉಪ್ಪು ತೆಗೆಯುವ ಆಗರಗಳು ಇಂದಿಗೂ ನಡೆಯುತ್ತಿವೆ. ಅಯೋಡಿನ್ ಪಾಕೀಟು ಬರುವ ಮೊದಲು ನಮ್ಮ ಕಡೆಯ ರೊಟ್ಟಿ, ಪಲ್ಯಕ್ಕೆ ರುಚಿ ಕೊಟ್ಟದ್ದು ಕಡಲಿನಿಂದ ಘಟ್ಟ ಹತ್ತಿ ಬಂದ ಇಂಥ ಉಪ್ಪು.

ಇನ್ನೊಂದು ಮಾತು ಹೇಳಿದರೆ ಬ್ಯಾಡಗಿಯವರು ಬೇಸರ ಮಾಡಿಕೊಳ್ಳಬಾರದು. ಜಗತ್ತಿಗೆಲ್ಲ ಹೆಸರಾದ, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮೂಲ ಬೀಜ ನಮ್ಮ ದೇಶದ್ದಲ್ಲ. ಅಮೆರಿಕ ಖಂಡದ ಗಿಡವದು. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂತು. ಅದಕ್ಕೂ ಮೊದಲು ಖಾರವೆಂದರೆ ಕರಿಮೆಣಸು. ಹೊಸ ಕಾಯಿಗೆ ನಮ್ಮವರು ಹೊಸ ಹೆಸರು ಹುಡುಕಲಿಲ್ಲ. ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಹೊರಗಿನಿಂದ ಬಂದದ್ದನ್ನು ಹೀಗೆ ತನ್ನದಾಗಿಸಿಕೊಂಡು, ತನ್ನ ಊರಿನ ಹೆಸರಿಟ್ಟು ಜಗತ್ತಿಗೆ ಕಳಿಸುವ ಗುಣ ಈ ಮಣ್ಣಿಗಿದೆ.

ಏರಿದ ಬೆಲೆ, ಇಳಿದ ಬಂದರು

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯ ದಕ್ಷಿಣದ ರಾಜ್ಯಗಳಿಂದ ಹತ್ತಿ ಬರುವುದು ನಿಂತು ಇಂಗ್ಲೆಂಡಿನ ಗಿರಣಿಗಳು ಬಾಯಾರಿದವು. ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಗುಲಾಮರ ಬಿಡುಗಡೆಗಾಗಿ ಅಲ್ಲಿ ರಕ್ತ ಹರಿಯುತ್ತಿದ್ದಾಗ ಇಲ್ಲಿ ರೈತನ ಕೈಯಲ್ಲಿ ಬೆಳ್ಳಿ ರೂಪಾಯಿ ಆಡುತ್ತಿತ್ತು. ಎಲ್ಲೋ ದೂರದ ಕಷ್ಟ ಇಲ್ಲಿಯ ಸುಖವಾಗುವುದು ವ್ಯಾಪಾರದ ಒಂದು ವಿಚಿತ್ರ.

ಇದೇ ಸಂದರ್ಭದಲ್ಲಿ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರವನ್ನು ಹತ್ತಿಯ ದೊಡ್ಡ ಬಂದರು ಮಾಡಬೇಕೆಂಬುದು ಮುಂಬಯಿ ವ್ಯಾಪಾರಿಗಳ ಆಸೆ. ಒಂದು ಕನ್ನಡ ನಾಡು ಎರಡು ಪ್ರಾಂತ್ಯಗಳಲ್ಲಿ ಹಂಚಿಹೋಗಿ, ಉತ್ತರ ಕನ್ನಡ ದಕ್ಷಿಣ ಕನ್ನಡ ಬೇರೆ ಬೇರೆಯಾದದ್ದಕ್ಕೆ ನಮ್ಮ ಹೊಲದ ಹತ್ತಿಯೂ ಒಂದು ಕಾರಣ.

ಆದರೆ 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಸಾಲ ಮಾಡಿ ಹತ್ತಿ ಕೊಂಡವರು ಮುಳುಗಿದರು. ಅದಕ್ಕಿಂತ ದೊಡ್ಡ ಪೆಟ್ಟು 1880ರ ದಶಕದಲ್ಲಿ ಬಂತು. ಸದರ್ನ್ ಮರಾಠಾ ರೈಲು ಕಂಪನಿಯ ಹಳಿ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ದಾಟಿ ಹರಿಹರಕ್ಕೆ ಹೋಯಿತು. ಇನ್ನೊಂದು ಹಳಿ ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಗೋವೆಯ ಮರ್ಮಗೋವಾ ಬಂದರಿಗೆ ಇಳಿಯಿತು. ಎತ್ತಿಗೆ ವಾರ ಹಿಡಿಯುತ್ತಿದ್ದ ದಾರಿಯನ್ನು ರೈಲು ಒಂದೆರಡು ದಿನದಲ್ಲಿ ಮುಗಿಸಿತು. ಮಳೆಗಾಲವೆಂಬ ಹೆದರಿಕೆಯೂ ಅದಕ್ಕೆ ಇರಲಿಲ್ಲ. ನಮ್ಮ ಊರುಗಳು ರೈಲು ಬಂತೆಂದು ಹಿಗ್ಗಿದವು. ಅದೇ ದಿನಗಳಲ್ಲಿ ದೇವಿಮನೆ ಘಟ್ಟದಲ್ಲಿ ಗಾಡಿಗಳ ಸಾಲು ತೆಳುವಾಯಿತು, ಕುಮಟೆಯ ದಡದಲ್ಲಿ ಹತ್ತಿ ಹೊರುವವರಿಗೆ ಕೆಲಸ ಇಲ್ಲವಾಯಿತು. ಕುಮಟೆಯನ್ನು ಯಾರೂ ಸೋಲಿಸಲಿಲ್ಲ, ಸುಡಲಿಲ್ಲ. ದಾರಿ ಬದಲಾಯಿತು, ಅಷ್ಟೇ.

ಹಾಯಿಹಡಗುಗಳು ಕೂಡಲೇ ಸಾಯಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು, 1868ರಲ್ಲಿ ಕ್ಯಾಥೋಲಿಕರಾದ ಅಲ್ಬುಕರ್ಕ್ ಮನೆತನದವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ನದಿಗಳ ಅಳಿವೆಯಿಂದ ಮಂಗಳೂರು ಹೆಂಚು ಹೊತ್ತು ಇವೇ ಹಡಗುಗಳು ಬಹುಕಾಲ ಕರಾವಳಿಯುದ್ದಕ್ಕೂ ಓಡಾಡಿದವು. ಆಮೇಲೆ ಇಂಜಿನ್ನು ಬಂತು, ಹೆದ್ದಾರಿ ಸೇತುವೆಗಳು ಬಂದವು, ಲಾರಿ ಬಂತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆಯಿತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ಜಲ್ಲಿ, ಸಿಮೆಂಟು ಒಯ್ಯುವ ಮರದ ಮಂಜಿಗಳಲ್ಲಿ ಮಾತ್ರ ಆ ವಂಶದ ಕುಡಿಯನ್ನು ಈಗಲೂ ಕಾಣಬಹುದು. ಹಾಯಿಯ ಬದಲು ಅವುಗಳಲ್ಲಿ ಡೀಸೆಲ್ ಯಂತ್ರವಿದೆ.

ಉಳಿದದ್ದೇನು?

ಹೋದ ಬೇಸಿಗೆಯಲ್ಲಿ ನಾನು ಕುಮಟೆಗೆ ಹೋಗಿ ಬಂದೆ. ಕಡಲದಂಡೆಯ ಒಂದು ಭಾಗಕ್ಕೆ ಇಂದಿಗೂ ಹೆಡ್ ಬಂದರು ಎಂಬ ಹೆಸರಿದೆ. ಸಂಜೆ ಅಲ್ಲಿ ಜನ ಗಾಳಿಗೆ ಕೂತಿರುತ್ತಾರೆ, ಮಕ್ಕಳು ಐಸ್‌ಕ್ರೀಂ ತಿನ್ನುತ್ತಾರೆ. ಹತ್ತಿಯ ಒಂದು ಎಳೆಯೂ ಇಲ್ಲ. ಬಲೆ ಸರಿಮಾಡುತ್ತಿದ್ದ ಅಜ್ಜನ ಪಕ್ಕ ಕೂತು, ನಾನು ಹಾವೇರಿ ಕಡೆಯವನೆಂದು ಪರಿಚಯ ಹೇಳಿಕೊಂಡೆ. ಅವರು ತಲೆ ಎತ್ತಿ, “ಹಾವೇರಿಯವ್ರಾ ಫಾದರ್? ಹಾಗಾರೆ ನೀವು ನಮ್ಮ ನೀರು ಕೇಳುವವ್ರು,” ಎಂದು ನಕ್ಕರು. ನಗುವಿನಲ್ಲಿ ಸ್ವಲ್ಪ ಕಹಿಯೂ ಇತ್ತು.

ಅವರು ಹೇಳಿದ್ದು ಬೇಡ್ತಿ–ವರದಾ ಜೋಡಣೆಯ ಮಾತು. ಪಶ್ಚಿಮಕ್ಕೆ ಹರಿಯುವ ಬೇಡ್ತಿ ನದಿಯ ನೀರನ್ನು ವರದೆಗೆ ತಿರುಗಿಸಬೇಕೆಂಬ ಯೋಜನೆ. ನಮ್ಮ ಕಡೆಯ ರೈತರು ಅದು ಬೇಕೆಂದು ಹೋರಾಡುತ್ತಾರೆ. ಮಳೆ ಕೈಕೊಟ್ಟ ವರ್ಷ ವರದೆ ಹೇಗೆ ಬತ್ತುತ್ತದೆಂದು ಕಂಡವರಿಗೆ ಅವರ ಸಂಕಟ ಗೊತ್ತು. ಶಿರಸಿ, ಯಲ್ಲಾಪುರ, ಕರಾವಳಿಯವರು ಬೇಡವೆಂದು ಹೋರಾಡುತ್ತಾರೆ. ಅಳಿವೆಗೆ ಸಿಹಿನೀರು ಕಡಿಮೆಯಾದರೆ ಮೀನು, ಬಳಚು, ಗಜನಿ ಗದ್ದೆಯ ಕಗ್ಗ ಭತ್ತ ಎಲ್ಲಕ್ಕೂ ಕುತ್ತು ಎಂಬ ಭಯ ಅವರದು. ನೆರೆಯ ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಅಂದರೆ ಅಳಿವೆಯ ಬೆಲೆ ಜಗತ್ತಿಗೂ ತಿಳಿದಿದೆ.

ಈ ವಿಷಯದಲ್ಲಿ ತೀರ್ಪು ಕೊಡುವ ತಜ್ಞ ನಾನಲ್ಲ. ಆದರೆ ಅಜ್ಜನ ಮಾತು ಕೇಳಿದಾಗ ನನಗೆ ನೋವಾದದ್ದು ಬೇರೆ ಕಾರಣಕ್ಕೆ. ಘಟ್ಟದ ಮೇಲಿನವರು ಕೆಳಗಿನವರಿಗೆ ಹತ್ತಿ ಕೊಟ್ಟು ಉಪ್ಪು ತಂದ ಕಾಲವೊಂದಿತ್ತು. ಒಬ್ಬರ ಗಾಡಿ ಬಾರದಿದ್ದರೆ ಇನ್ನೊಬ್ಬರ ಹಡಗು ಹೊರಡುತ್ತಿರಲಿಲ್ಲ. ಅಂಥ ಎರಡು ಸೀಮೆಯ ಮಂದಿ ಈಗ ಒಬ್ಬರನ್ನೊಬ್ಬರು ಬಲ್ಲದ್ದು ಒಂದು ಜಗಳದ ಮೂಲಕ ಮಾತ್ರ. ಬಂದರು ಹಾಳಾದದ್ದಕ್ಕಿಂತ ಇದು ದೊಡ್ಡ ನಷ್ಟವೆಂದು ನನಗನಿಸುತ್ತದೆ.

ನಾನು ಅಜ್ಜನಿಗೆ ಕುಮಟಾ ಹತ್ತಿಯ ಕಥೆ ಹೇಳಿದೆ. ಅವರು ಬಲೆ ಪಕ್ಕಕ್ಕಿಟ್ಟು ಕೇಳಿದರು. “ನಮ್ಮ ಊರ ಹೆಸರು ವಿಲಾಯತಿಗೆ ಹೋಗಿತ್ತಾ!” ಎಂದು ಅಚ್ಚರಿಪಟ್ಟರು. ಏಳುವಾಗ ಒಂದು ಪೊಟ್ಟಣ ಒಣಮೀನು ಕೈಗಿಟ್ಟು, “ಗಾಡಿ ಖಾಲಿ ಹೋಗೂದು ಬ್ಯಾಡ ಫಾದರ್,” ಎಂದರು.

ಮನೆಗೆ ಬಂದ ಮೇಲೆ ಆ ಹುಡುಗನನ್ನು ಕರೆದು ಹೇಳಿದೆ: “ಹಡಗು ಇಲ್ಲಿಗೆ ಬರಲಿಲ್ಲ ಮಗಾ. ನಾವೇ ಅದರ ಹತ್ತಿರ ಹೋಗುತ್ತಿದ್ದೆವು.” ಮುಂದಿನ ರಜೆಯಲ್ಲಿ ಮಕ್ಕಳನ್ನು ಅದೇ ದಾರಿಯಲ್ಲಿ, ಶಿರಸಿಯ ಮೇಲಿಂದ ದೇವಿಮನೆ ಘಟ್ಟ ಇಳಿಸಿ ಕಡಲು ತೋರಿಸಬೇಕೆಂದಿದ್ದೇನೆ. ಹೋಗುವಾಗ ಎರಡು ಕಿಲೋ ಬ್ಯಾಡಗಿ ಮೆಣಸಿನಕಾಯಿ ಒಯ್ಯಬೇಕು. ಬರಿಗೈಲಿ ಹೋಗುವುದು ಆ ದಾರಿಯ ಪದ್ಧತಿಯಲ್ಲ.